ಗಾಜಿಗೆ ಇಟ್ಟ ಕುಂಕುಮ

ಈ ಸಂಗತಿಯನ್ನು ನಿಮ್ಮ ಚಿಕ್ಕಮ್ಮ ಹೇಳಿದಾಗಲೆಲ್ಲ ನೀವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತೀರಿ. ನಗಿ, ಬೇಡ ಎನ್ನುವುದಿಲ್ಲ. ಆದರೆ ಅವಳು ಹೇಳುವುದು ಎಲ್ಲ ಮುಗಿದ ಮೇಲಿನ ಕಥೆ. ಲ್ಯಾಬಿನ ಬಾಗಿಲು ತೆಗೆದ ಆ ಬೆಳಗ್ಗೆ ಅವಳೂ ನಗುತ್ತಿರಲಿಲ್ಲ. ಎದುರಿಗೆ ಕೂತು ಹೇಳು ಎಂದರೆ ನನಗೆ ಮಾತು ಹೊರಡುವುದಿಲ್ಲ, ನಿಮಗೇ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೆಂಚಾರ್ಲಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ನಿಮ್ಮ ತಾತ ಶಿಡ್ಲಘಟ್ಟದ ಈ ಕಾಲೇಜಿನಲ್ಲಿ ಅಟೆಂಡರ್ ಆಗಿದ್ದರು. ಅವರು ಹೋದ ಮೇಲೆ ಆ ಕೆಲಸವನ್ನು ನನಗೆ ಕೊಟ್ಟರು. ಲೈಬ್ರರಿಯ ಪುಸ್ತಕಗಳ ಧೂಳು ಹೊಡೆಯುವುದು, ಸಂಜೆ ಬೀಗ ಹಾಕುವುದು, ಅಷ್ಟೇ. ಆಗ ಅದು ಬರೀ ಕಲಾ ಕಾಲೇಜು. ಇತಿಹಾಸ, ಕನ್ನಡ, ಅರ್ಥಶಾಸ್ತ್ರ. ವಿಜ್ಞಾನ ಓದಬೇಕೆಂದ ಹೆಣ್ಣುಮಕ್ಕಳು ಚಿಕ್ಕಬಳ್ಳಾಪುರಕ್ಕೋ ಚಿಂತಾಮಣಿಗೋ ಬಸ್ಸು ಹತ್ತಬೇಕಿತ್ತು. ಎಷ್ಟೋ ಮನೆಗಳಲ್ಲಿ ಹತ್ತಿಸುತ್ತಿರಲಿಲ್ಲ.

ನಮ್ಮ ಪ್ರಿನ್ಸಿಪಾಲರು ಕನ್ನಡದ ಮೇಷ್ಟ್ರು. ಆದರೂ ವಿಜ್ಞಾನ ವಿಭಾಗ ತರಬೇಕೆಂದು ಬೆಂಗಳೂರಿನ ಆಫೀಸುಗಳಿಗೆ ಅಲೆದು ಅಲೆದು ಚಪ್ಪಲಿ ಸವೆಸಿದರು. ಕೊನೆಗೆ ಬಿ.ಎಸ್ಸಿ. ಶುರುವಾಯಿತು. ಹಿಂದಿನ ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಒಂದು ಲೇತ್ ಮಿಷನ್ನನ್ನೂ ತಂದು ನಿಲ್ಲಿಸಿದರು. ಮುಂದಿನ ವರ್ಷ ಎಂಜಿನಿಯರಿಂಗ್ ವಿಭಾಗ ತೆರೆಯಬೇಕೆಂಬುದು ಅವರ ಆಸೆ. ಆದರೆ ಎಲ್ಲವೂ ವಿಶ್ವವಿದ್ಯಾಲಯದ ಸಮಿತಿ ಬಂದು ಲ್ಯಾಬ್ ನೋಡಿ ಒಪ್ಪಿದರೆ ಮಾತ್ರ. ಒಪ್ಪದಿದ್ದರೆ ಸೇರಿದ ಮಕ್ಕಳನ್ನು ಬಿ.ಎ.ಗೆ ಹಾಕಬೇಕು, ಇಲ್ಲವೇ ಬೇರೆ ಊರಿಗೆ ಕಳಿಸಬೇಕು.

ಆ ಮೊದಲ ತಂಡದಲ್ಲಿ ನನ್ನ ಕಿರಿಮಗಳು, ನಿಮ್ಮ ಚಿಕ್ಕಮ್ಮ, ಇದ್ದಳು. ನನ್ನ ಮೈದುನ, ಅಂದರೆ ನಿಮ್ಮ ಚಿಕ್ಕತಾತ, ಅವಳ ಮದುವೆಗೆ ಗಂಡು ನೋಡಿ ಆಗಿತ್ತು. "ನಡ್ಕೊಂಡ್ ಹೋಗೋ ದೂರ ಅಂತ ಒಪ್ಪಿದೀನಿ ಅತ್ಗೆ. ಬಸ್ ಹತ್ತೋದಾದ್ರೆ ಈ ಓದೆಲ್ಲಾ ಸಾಕು" ಎಂದು ನೇರವಾಗಿ ಹೇಳಿದ್ದ. ಅವಳು ಫಿಸಿಕ್ಸ್ ಪುಸ್ತಕವನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದಳು. ಲ್ಯಾಬ್ ಉಳಿದರೆ ಅವಳ ಓದು ಉಳಿಯುತ್ತದೆ. ನನಗೆ ಗೊತ್ತಿದ್ದ ವಿಜ್ಞಾನ ಅಷ್ಟೇ.

ಲ್ಯಾಬ್ ಎಂದರೆ ಮೇಲಿನ ಮಹಡಿಯ ಹಳೆಯ ಸಭಾಂಗಣ. ಪೆಟ್ಟಿಗೆಗಳು ಬಂದಾಗ ಫಿಸಿಕ್ಸ್ ಮೇಡಂ ಒಂದೊಂದನ್ನೂ ತಾವೇ ಬಿಚ್ಚಿದರು. ಗೌರಿಬಿದನೂರಿನಿಂದ ದಿನಾ ಬಂದು ಹೋಗುವ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾತು ಕಡಿಮೆ, ಅದಕ್ಕೇ ನನಗೆ ಹಿಡಿಸಿದರು. ಲ್ಯಾಬಿನ ಬೀಗದ ಕೈ ನನಗೇ ಕೊಟ್ಟು, ಯಾವುದನ್ನು ಎಲ್ಲಿ ಹಿಡಿಯಬೇಕು ಎಂದು ತೋರಿಸಿಕೊಟ್ಟರು. ಒಂದು ದಿನ ಮಖಮಲ್ಲಿನ ಪುಟ್ಟ ಡಬ್ಬಿಯಿಂದ ಬೆರಳುದ್ದದ ಗಾಜು ತೆಗೆದು, "ಇದಕ್ಕೆ ಗ್ರೇಟಿಂಗ್ ಅಂತಾರಮ್ಮ. ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ತುಂಬಾ ಇವೆ ಇದರಲ್ಲಿ. ಅಂಚು ಮಾತ್ರ ಹಿಡೀಬೇಕು. ಮಧ್ಯ ಬೆರಳು ತಗುಲಿದ್ರೆ ಮುಗೀತು, ಒರೆಸಕ್ಕೂ ಆಗಲ್ಲ" ಎಂದರು. ನನ್ನ ಕೈಯಲ್ಲೇ ಹಿಡಿಸಿ, ಮೊಬೈಲಿನ ಟಾರ್ಚ್ ನೋಡಲು ಹೇಳಿದರು. ಬಿಳಿ ಬೆಳಕು ಎರಡೂ ಕಡೆಗೆ ಬಣ್ಣಬಣ್ಣವಾಗಿ ಹರಡಿ ನಿಂತಿತು. ನಾನು ಬೆಚ್ಚಿ ಗಾಜು ಬಿಡುವವಳಿದ್ದೆ. ಮೇಡಂ ನನ್ನ ಮಣಿಕಟ್ಟು ಹಿಡಿದುಕೊಂಡರು.

ಆಯುಧಪೂಜೆ ಬಂತು. ಹಿಂದಿನ ಸಂಜೆಯೇ ಮೇಡಂ ಊರಿಗೆ ಹೊರಟರು. "ಬೀಗ ಹಾಕಿಡಿ, ಹಬ್ಬ ಮುಗಿಸ್ಕೊಂಡ್ ಬರ್ತೀನಿ" ಎಂದಿದ್ದರು.

ಪೂಜೆಯ ಬೆಳಗ್ಗೆ ಎಲ್ಲರೂ ಮೊದಲು ಶೆಡ್ಡಿನ ಲೇತ್ ಮಿಷನ್ನಿನ ಹತ್ತಿರ ಸೇರಿದರು. ಚೆಂಡುಹೂವಿನ ಹಾರ, ಬಾಳೆಕಂದು, ಎಲ್ಲ ಸಿದ್ಧವಾಗಿತ್ತು. ನಾನು ಎಂದಿನಂತೆ ಬಾಗಿಲ ಬಳಿ ಹಿಂದೆ ನಿಂತಿದ್ದೆ. ಪ್ರಿನ್ಸಿಪಾಲರು ಕುಂಕುಮದ ಬಟ್ಟಲು ಹಿಡಿದು ಸುತ್ತ ನೋಡಿ, "ಎಲ್ಲಿದೀರಮ್ಮಾ, ಬನ್ನಿ ಮುಂದಕ್ಕೆ. ಮೊದಲ ಕುಂಕುಮ ನೀವಿಡಿ" ಎಂದರು.

ನಾನು ಸೆರಗು ಎಳೆದುಕೊಂಡು ಇನ್ನೂ ಹಿಂದೆ ಸರಿದೆ. "ನಾನು ಇಡೋ ಹಾಗಿಲ್ಲ ಸಾರ್."

"ಕಾಲೇಜಲ್ಲಿ ಆ ಶಾಸ್ತ್ರ ಇಲ್ಲಮ್ಮ. ಬೀಗದ ಕೈ ಯಾರತ್ರ ಇದೆಯೋ ಅವರು ಇಡೋದು."

ಬಟ್ಟಲನ್ನು ನನ್ನ ಮುಂದೆ ಹಿಡಿದರು. ನಿಮ್ಮ ತಾತ ಹೋದ ಮೇಲೆ ನನ್ನ ಬೆರಳು ಕುಂಕುಮ ಮುಟ್ಟಿದ್ದು ಅದೇ ಮೊದಲು. ಆ ಕಬ್ಬಿಣಕ್ಕೆ ಇಟ್ಟೆ. ಬೊಟ್ಟು ಸೊಟ್ಟಗಾಯಿತು. ಆಮೇಲೆ ಪ್ರಿನ್ಸಿಪಾಲರು ಲ್ಯಾಬಿನ ಬೀಗದ ಕೈ ಕೇಳಿದರು.

"ಮೇಡಂ ಬೀಗ ಹಾಕಿಡಿ ಅಂದಿದ್ರು ಸಾರ್" ಎಂದೆ.

"ಕಳ್ಳರಿಗೆ ಬೀಗ ಹಾಕಿ ಅಂದಿರ್ತಾರೆ. ಪೂಜೆಗೆ ಯಾರಾದ್ರೂ ಬೇಡ ಅಂತಾರೇನಮ್ಮ? ಎಷ್ಟು ವರ್ಷ ಕಾದಿದೀವಿ ಇವಕ್ಕೆ!"

ಅಷ್ಟು ಮರ್ಯಾದೆ ಕೊಟ್ಟವರಿಗೆ ಇಲ್ಲ ಎನ್ನುವ ಬಾಯಿ ನನಗಿರಲಿಲ್ಲ. ಬೀಗದ ಕೈ ಕೊಟ್ಟು, ಕಡ್ಲೆಪುರಿ ಕಲೆಸಲು ಕೆಳಗಿನ ಸ್ಟಾಫ್ ರೂಮಿಗೆ ಹೋದೆ. ಮೇಲಿನಿಂದ ಗಂಟೆ ಸದ್ದು, ನಗು, ಬಕೆಟ್ಟು ಎಳೆಯುವ ಸದ್ದು ಕೇಳುತ್ತಿತ್ತು. ಬೂದುಗುಂಬಳಕಾಯಿ ಒಡೆದರು. ಪುರಿ ಹಂಚಿದೆವು. ಪ್ರಿನ್ಸಿಪಾಲರು ತಾವೇ ಬಾಗಿಲು ಹಾಕಿ ಬೀಗದ ಕೈಯನ್ನು ನನಗೆ ವಾಪಸ್ಸು ಕೊಟ್ಟರು. ಅಂದು ಸಂಜೆ ನಾನು ಹಗುರವಾಗಿ ಮನೆಗೆ ನಡೆದೆ.

ಹಬ್ಬ ಮುಗಿದು ಕಾಲೇಜು ತೆರೆದ ದಿನ ಮೇಡಂ ಮೊದಲ ಬಸ್ಸಿಗೇ ಬಂದರು. ನಿಮ್ಮ ಚಿಕ್ಕಮ್ಮನೂ ನನ್ನ ಜೊತೆಗಿದ್ದಳು. ನಾನು ಬಾಗಿಲು ತೆಗೆದೆ.

ಮೊದಲು ಮೂಗಿಗೆ ಬಡಿದದ್ದು ಕೊಳೆತ ಬಾಳೆಹಣ್ಣಿನ ವಾಸನೆ. ಗಾಜಿನ ಪೆಟ್ಟಿಗೆಯೊಳಗೆ ದೊಡ್ಡ ತಕ್ಕಡಿ ಇತ್ತು, ಕೂದಲೆಳೆಯಷ್ಟು ತೂಕವನ್ನೂ ತೋರಿಸುವಂಥದ್ದು. ಅದರ ಒಂದು ತಟ್ಟೆಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ಎಲೆ ಅಡಿಕೆ, ನಿಂಬೆಹಣ್ಣು. ಕಪ್ಪಿರುವೆಗಳು ಸಾಲುಗಟ್ಟಿ ತಟ್ಟೆಗಳು ತೂಗುವ ತೊಲೆಯ ಮೇಲೆ ಹತ್ತಿ ಇಳಿಯುತ್ತಿದ್ದವು. ಮೈಕ್ರೋಸ್ಕೋಪುಗಳ ಕಣ್ಣಿಗೆಲ್ಲ ಅರಿಶಿನ, ನಡುವೆ ಕುಂಕುಮ. ಬೆಳಕಿನ ಬಣ್ಣ ಅಳೆಯುವ ಸ್ಪೆಕ್ಟ್ರೋಮೀಟರಿನ ಕೊಳವೆಗಳ ಬಾಯಿಗೆ ವಿಭೂತಿಯ ಮೂರು ಪಟ್ಟೆ, ಬೆಳಕು ಒಳಗೆ ಹೋಗಬೇಕಾದ ಸೀಳಿನಲ್ಲಿ ಗಂಧ ಗಟ್ಟಿಯಾಗಿ ಕೂತಿತ್ತು. ಕರೆಂಟಿನ ಪಾಠಕ್ಕೆಂದು ತಂದ ಮರದ ಪೆಟ್ಟಿಗೆಗಳನ್ನು ನೀರು ಹಾಕಿ ತೊಳೆದಿದ್ದರು, ತಳ ಉಬ್ಬಿತ್ತು. ಗೋಡೆಗೆ ಮಾವಿನ ತೋರಣ, ನೆಲಕ್ಕೆ ರಂಗೋಲಿ. ಮದುವೆ ಮನೆ ಹಾಗಿತ್ತು.

ಮೇಡಂ ಹೊಸ್ತಿಲಲ್ಲೇ ನಿಂತರು. ಕೈಚೀಲ ಜಾರಿ ಬಿತ್ತು. ಅದನ್ನು ಎತ್ತಿಕೊಳ್ಳಲಿಲ್ಲ.

ಅಷ್ಟರಲ್ಲಿ ಪ್ರಿನ್ಸಿಪಾಲರು ಮೆಟ್ಟಿಲು ಹತ್ತಿ ಬಂದರು. ಹಬ್ಬದ ಖುಷಿ ಇನ್ನೂ ಮುಖದಲ್ಲಿತ್ತು. "ಹೆಂಗಿದೆ ಮೇಡಂ ಪೂಜೆ? ತಕ್ಕಡಿ ನೋಡಿದ್ರಾ? ಹಣ್ಣು ಎಲೆ ಅಡಿಕೆ ಎರಡೂ ಸಮವಾಗಿ ನಿಲ್ಲೋ ಹಾಗೆ ನಾನೇ ಇಟ್ಟೆ."

ಮೇಡಂ ಅವರ ಕಡೆ ತಿರುಗಿದರು. ಬೈಯಲಿಲ್ಲ. "ತೊಲೆನ ಕೆಳಗಿಳಿಸಿ ಲಾಕ್ ಮಾಡದೆ ಹಂಗೇ ಬಿಟ್ಟಿದೀರಾ ಸಾರ್?" ಎಂದು ಕೇಳಿದರು. "ಇಷ್ಟು ದಿನ ಅದು ತೂಗಾಡ್ತಾನೇ ಇತ್ತಾ?"

ಪ್ರಿನ್ಸಿಪಾಲರಿಗೆ ಪ್ರಶ್ನೆ ಅರ್ಥವಾಗಲಿಲ್ಲ, ಆದರೆ ಮೇಡಂ ಮುಖ ಅರ್ಥವಾಯಿತು. ನಗು ಅಲ್ಲೇ ನಿಂತಿತು.

ಮೇಡಂ ಕಪಾಟು ತೆಗೆದು ತೂಕದ ಕಲ್ಲುಗಳ ಪೆಟ್ಟಿಗೆ ನೋಡಿದರು. ಹಿತ್ತಾಳೆಯ ಕಲ್ಲುಗಳು ಚಿನ್ನದ ಹಾಗೆ ಥಳಥಳ ಹೊಳೆಯುತ್ತಿದ್ದವು.

"ಇದನ್ನ ಯಾರು ಏನು ಮಾಡಿದ್ರು?"

ಹಿಂದಿನಿಂದ ನಿಮ್ಮ ಚಿಕ್ಕಮ್ಮನ ದನಿ ಬಂತು. "ನಾನು ಮೇಡಂ. ಮಂಕಾಗಿದ್ವು ಅಂತ ಹುಣಸೆಹಣ್ಣು ಹಾಕಿ ಉಜ್ಜಿದೆ."

"ಹುಣಸೆಹಣ್ಣು?"

"ಸ್ವಲ್ಪ ಇಟ್ಟಿಗೆ ಪುಡೀನೂ."

ಪೂಜೆಗೆ ಬೇಕು ಎಂದು ಅವಳು ಮನೆಯ ಡಬ್ಬದಿಂದ ಹುಣಸೆ ಉಂಡೆ ಒಯ್ದಿದ್ದಳು. ದೀಪ ಉಜ್ಜಲಿಕ್ಕೆ ಎಂದುಕೊಂಡಿದ್ದೆ.

ಕೊನೆಗೆ ಮೇಡಂ ಮಖಮಲ್ಲಿನ ಡಬ್ಬಿ ತೆಗೆದರು. ಆ ಗಾಜಿನ ನಟ್ಟನಡುವೆ, ಅದ್ದಿ ಇಟ್ಟ ದಪ್ಪ ಕುಂಕುಮ. ಒಣಗಿ ಬಿರುಕು ಬಿಟ್ಟಿತ್ತು.

"ಎಲ್ಲಕ್ಕಿಂತ ಬೆಲೆ ಬಾಳೋದು ಯಾವುದು ಅಂತ ಕೇಳಿದೆ" ಎಂದರು ಪ್ರಿನ್ಸಿಪಾಲರು, ಮೆಲ್ಲಗೆ. "ಹುಡುಗ್ರು ಇದನ್ನ ತೋರಿಸಿದ್ರು. ಅದಕ್ಕೇ ಮೊದಲು ಇದಕ್ಕಿಟ್ಟೆ."

ಮೇಡಂ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು, ರಂಗೋಲಿಯ ಮೇಲೆಯೇ. ದೊಡ್ಡ ಕಾಲೇಜಿನ ಪ್ರಿನ್ಸಿಪಾಲರು ತಪ್ಪು ಮಾಡಿದ ಶಾಲೆ ಹುಡುಗನ ಹಾಗೆ ಕೈ ಕಟ್ಟಿ ನಿಂತಿದ್ದರು. ಅದನ್ನು ನೋಡಲಾರದೆ ನಾನು ಇರುವೆ ನೋಡುತ್ತಿದ್ದೆ.

ಅದೇ ಹೊತ್ತಿಗೆ ಆಫೀಸಿನ ಸೂಪರಿಂಟೆಂಡೆಂಟು ಏದುಸಿರು ಬಿಡುತ್ತ ಬಂದರು. ದೀಪಾವಳಿ ಆದ ಮೇಲೆ ಬರುತ್ತೇವೆ ಎಂದಿದ್ದ ಸಮಿತಿ, ಈ ಗುರುವಾರವೇ ಬರುವುದಾಗಿ ಫೋನು ಮಾಡಿತ್ತು.

ಸೂಪರಿಂಟೆಂಡೆಂಟು ಲೋಕ ಕಂಡವರು. ಲ್ಯಾಬನ್ನು ಒಮ್ಮೆ ನೋಡಿ, "ಇಷ್ಟೇ ತಾನೆ? ನಮ್ಮ ಷಡ್ಡಕ ಚಿಕ್ಕಬಳ್ಳಾಪುರದ ಕಡೆ ಒಂದು ಎಂಜಿನಿಯರಿಂಗ್ ಕಾಲೇಜಲ್ಲಿ ಸ್ಟೋರ್ ನೋಡ್ಕೊಳ್ತಾನೆ. ಟೆಂಪೋಲಿ ಹಾಕ್ಕೊಂಡ್ ಬಂದು, ನಮ್ಮ ಸ್ಟಿಕರ್ ಅಂಟಿಸಿ, ಶುಕ್ರವಾರ ವಾಪಸ್ ಕಳಿಸೋಣ. ಎಲ್ಲಾ ಕಾಲೇಜೂ ಮಾಡೋದೇ ಸಾರ್" ಎಂದರು.

ಮೇಡಂ ನೆಲದಿಂದಲೇ, "ಬೇಡ ಸಾರ್" ಎಂದರು.

"ಹಂಗಾದ್ರೆ ಗುರುವಾರ ಏನ್ ತೋರಿಸ್ತೀರಾ? ಬಾಳೆಹಣ್ಣಾ?"

ಪ್ರಿನ್ಸಿಪಾಲರು ಯಾರ ಮುಖವನ್ನೂ ನೋಡದೆ, "ತರಿಸಿ" ಎಂದು ಕೆಳಗಿಳಿದು ಹೋದರು. ಅಷ್ಟು ಮಕ್ಕಳ ವರ್ಷ ಅವರ ತಲೆ ಮೇಲಿತ್ತು. ನನಗೂ ಒಳಗೊಳಗೇ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ.

ಮೇಡಂ ಮಾತ್ರ ಏಳುತ್ತಿದ್ದ ಹಾಗೆಯೇ ಕೆಲಸಕ್ಕೆ ಕೂತರು. ಹಿಂದಿನ ಕೋಣೆಯಲ್ಲಿ ಹಳೆಯ ಪಂಚೆ ಹಾಸಿ, ಹುಡುಗಿಯರನ್ನು ಸುತ್ತ ಕೂರಿಸಿಕೊಂಡರು. ಮೊದಲ ನಿಯಮ, ಒರೆಸಬಾರದು. ಕುಂಕುಮದ ಪುಡಿ ಗಾಜಿಗೆ ಮರಳಿನ ಹಾಗೆ, ಉಜ್ಜಿದರೆ ಗೀರು ಬೀಳುತ್ತದೆ. ರಬ್ಬರಿನ ಬುರುಡೆ ಒತ್ತಿ ಗಾಳಿ ಊದಿ, ಸಡಿಲವಾದ ಪುಡಿಯನ್ನೆಲ್ಲ ಹಾರಿಸಬೇಕು. ಆಮೇಲೆ ಮೆತ್ತನೆಯ ಕಾಗದಕ್ಕೆ ಒಂದು ತೊಟ್ಟು ಸ್ಪಿರಿಟ್ ಹಾಕಿ, ಒತ್ತದೆ, ಒಂದೇ ದಿಕ್ಕಿಗೆ ಎಳೆಯಬೇಕು. ಒಂದು ಕಾಗದ ಒಂದೇ ಸಲ. ಗಂಧ ತುಂಬಿದ ಸೀಳಿಗೆ ಸೂಜಿ ಹಾಕಬಾರದು. ಬೆಂಕಿಕಡ್ಡಿಯ ತುದಿಯನ್ನು ಚೂಪಾಗಿ ಕೆತ್ತಿ, ಸೀಳಿನ ಉದ್ದಕ್ಕೆ ಮೆಲ್ಲಗೆ ಎಳೆಯಬೇಕು. ನೀರು ಕುಡಿದ ಪೆಟ್ಟಿಗೆಗಳ ತಳ ಬಿಚ್ಚಿ ತಾರಸಿಯ ಮೇಲೆ ಒಣಗಿಸಿದೆವು. ನಾನು ಕಾಗೆ ಕಾಯುತ್ತ ಕೂತೆ. ಇರುವೆಗಳನ್ನು ಹೊರಡಿಸಲು ಔಷಧ ಹೊಡೆಯುವ ಹಾಗಿರಲಿಲ್ಲ. ತಕ್ಕಡಿಯ ಪೆಟ್ಟಿಗೆ ಪಕ್ಕ ಬೆಲ್ಲದ ಚೂರಿಟ್ಟು ಕಾದೆವು.

ಆ ಹುಡುಗಿಯರಲ್ಲಿ ಒಬ್ಬಳು ರೇಷ್ಮೆ ನೂಲು ತೆಗೆಯುವ ಮನೆಯವಳು. ಉಸಿರು ಬಿಗಿಹಿಡಿದು ಊದುತ್ತ, "ಮೇಡಂ, ನಮ್ಮಪ್ಪ ಕೇಳಿದ್ರು, ಕಾಲೇಜಲ್ಲಿ ಏನ್ ಕಲಿಸ್ತಾರೆ ಅಂತ. ಕುಂಕುಮ ಊದೋದು ಅಂದೆ" ಎಂದಳು. ಯಾರೂ ನಗಲಿಲ್ಲ. ಮೇಡಂ ತುಟಿ ಮಾತ್ರ ಸ್ವಲ್ಪ ಅಲುಗಿತು.

ಬುಧವಾರ ಮಧ್ಯಾಹ್ನ ಟೆಂಪೋ ಬಂತು. ಪೆಟ್ಟಿಗೆಗಳನ್ನು ವರಾಂಡದಲ್ಲಿ ಇಳಿಸಿದರು. ಸೂಪರಿಂಟೆಂಡೆಂಟು ಸ್ಟಿಕರಿನ ಕಟ್ಟನ್ನೂ ಒದ್ದೆ ಬಟ್ಟೆಯನ್ನೂ ನನ್ನ ಕೈಗೆ ಕೊಟ್ಟು, "ಪೆಟ್ಟಿಗೆ ಮೇಲಿರೋದನ್ನೆಲ್ಲಾ ಒರೆಸಿ ನಮ್ಮದು ಅಂಟಿಸ್ತಾ ಹೋಗಮ್ಮ, ಬೇಗ" ಎಂದರು.

ನಾನು ಬಗ್ಗಿ ನೋಡಿದೆ. ಪ್ರತಿ ಪೆಟ್ಟಿಗೆಯ ಮುಚ್ಚಳದ ಮೇಲೂ ಅರಿಶಿನ, ಕುಂಕುಮ, ಒಣಗಿದ ಸೇವಂತಿಗೆಯ ಎಸಳು. ಅಲ್ಲೂ ಆಯುಧಪೂಜೆ ಆಗಿತ್ತು. ಮುಚ್ಚಳ ತೆಗೆದರೆ ಒಳಗಿನ ಗಾಜು, ಹಿತ್ತಾಳೆ ಎಲ್ಲ ಸ್ವಚ್ಛ. ಅವರು ಪೂಜೆಯನ್ನು ಮುಚ್ಚಳಕ್ಕೇ ನಿಲ್ಲಿಸಿದ್ದರು.

ಸ್ಟಿಕರ್ ಅಂಟಿಸಬೇಕಾದದ್ದು ಸರಿಯಾಗಿ ಕುಂಕುಮ ಇದ್ದ ಜಾಗದಲ್ಲಿ. ನಾನು ಬಟ್ಟೆ ಹಿಡಿದು ನಿಂತೆ. ಕೈ ಮುಂದೆ ಹೋಗಲಿಲ್ಲ. ಕುಂಕುಮ ಒರೆಸುವುದು ಎಂದರೇನೆಂದು ನನಗೆ ಗೊತ್ತು ಮಕ್ಕಳೇ. ನನ್ನದನ್ನು ಒರೆಸಿದ ದಿನವೂ ಹೀಗೇ ಯಾರೋ ಬೇಗ, ಬೇಗ ಎನ್ನುತ್ತಿದ್ದರು.

"ಏನಮ್ಮಾ, ನಿದ್ದೆನಾ?" ಎಂದರು ಸೂಪರಿಂಟೆಂಡೆಂಟು.

ಟೆಂಪೋ ಡ್ರೈವರು ಬೀಡಿ ಬಾಯಲ್ಲಿಟ್ಟುಕೊಂಡೇ, "ಏಮಿ ಸಾರ್, ಮಿಗತಾವಿ ದಿಂಚಾಲಾ, ವದ್ದಾ?" ಎಂದ. ಉಳಿದದ್ದನ್ನು ಇಳಿಸಬೇಕೋ ಬೇಡವೋ ಎಂದು ಅವನ ಅವಸರ.

ಸದ್ದು ಕೇಳಿ ಪ್ರಿನ್ಸಿಪಾಲರು ಹೊರಗೆ ಬಂದರು. "ಯಾಕಮ್ಮ?"

"ಸಾರ್, ಇದು ಬೇರೆಯವರ ಮನೆ ಪೂಜೆ. ಒರೆಸಕ್ಕೆ ಕೈ ಬರ್ತಿಲ್ಲ."

ಅಷ್ಟು ಜನರ ಮುಂದೆ ಅಷ್ಟು ಮಾತಾಡಿದ್ದಕ್ಕೆ ನನಗೇ ಗಾಬರಿಯಾಗಿ ಸೆರಗು ಬಾಯಿಗೆ ಒತ್ತಿಕೊಂಡೆ. ಬೈಗುಳ ಬರುತ್ತದೆಂದು ಕಾದೆ. ಅವರು ಬಗ್ಗಿ ಒಂದು ಮುಚ್ಚಳವನ್ನು ತೆಗೆದು ಒಳಗೆ ನೋಡಿದರು. ಮುಚ್ಚಿದರು. ಇನ್ನೊಂದನ್ನು ತೆಗೆದು ನೋಡಿದರು. ತಮ್ಮ ಬಲಗೈ ಉಂಗುರದ ಬೆರಳನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡರು.

"ವಾಪಸ್ ತಗೊಂಡ್ ಹೋಗಪ್ಪ" ಎಂದರು ಡ್ರೈವರಿಗೆ.

"ಸಾರ್!" ಎಂದು ಸೂಪರಿಂಟೆಂಡೆಂಟು ಕೂಗಿಯೇಬಿಟ್ಟರು. "ಮಕ್ಕಳ ಗತಿ?"

"ನಾನು ಕುಂಕುಮ ಇಟ್ಟು ಕೆಡಿಸಿದೀನಿ. ಈಗ ಅವರ ಕುಂಕುಮ ಒರೆಸಿ ಸರಿ ಮಾಡ್ತೀನಾ? ನಾಳೆ ನಾನೇ ಹೇಳ್ತೀನಿ ಅವರಿಗೆ."

ಟೆಂಪೋ ಗೇಟು ದಾಟುವವರೆಗೂ ನೋಡುತ್ತ ನಿಂತೆ. ನನ್ನ ಒಂದು ಮಾತಿನಿಂದ ಮಗಳ ಓದು ಆ ಟೆಂಪೋದಲ್ಲೇ ಹೋಯಿತೇನೋ ಎನ್ನಿಸಿತು. ಮನೆಗೆ ಬಂದು ಅವಳಿಗೆ ಹೇಳಿದೆ. ಅವಳು ಅನ್ನದ ತಟ್ಟೆ ಮುಂದಿಟ್ಟುಕೊಂಡು, "ಆ ಬಾಕ್ಸ್ ಇಲ್ಲೇ ಉಳಿದಿದ್ರೂ ಕಲ್ಲು ಉಜ್ಜಿದ ತಪ್ಪು ನಂದೇ ಅಲ್ವೇನಮ್ಮ" ಎಂದಳು. ಮತ್ತೆ ಅನ್ನ ಕಲೆಸಿದಳು. ತಿನ್ನಲಿಲ್ಲ.

ಗುರುವಾರ ಸಮಿತಿಯವರು ಬಂದರು. ಮುಂದೆ ಒಬ್ಬ ಹಿರಿಯ ಪ್ರೊಫೆಸರ್, ಬಿಗಿ ಮುಖ. ಪ್ರಿನ್ಸಿಪಾಲರು ಕಾಫಿ ಕೊಡಿಸುವ ಮೊದಲೇ ಲ್ಯಾಬಿಗೆ ಕರೆದೊಯ್ದು, ಕೆಟ್ಟದ್ದನ್ನೆಲ್ಲ ಒಂದು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದನ್ನು ತೋರಿಸಿ, ನಡೆದದ್ದನ್ನು ಇದ್ದ ಹಾಗೆ ಹೇಳಿದರು. ಗ್ರೇಟಿಂಗ್ ಡಬ್ಬಿಯನ್ನೂ ತೆರೆದು ಕೊಟ್ಟರು.

ಪ್ರೊಫೆಸರ್ ಕನ್ನಡಕ ತೆಗೆದು ಕುಂಕುಮ ನೋಡಿದರು. "ಗ್ರೇಟಿಂಗಿಗೆ? ಕುಂಕುಮ?" ಜೊತೆಯಲ್ಲಿದ್ದವರೊಬ್ಬರು ಕರ್ಚೀಫು ಬಾಯಿಗಿಟ್ಟುಕೊಂಡು ಕಿಟಕಿ ಕಡೆ ತಿರುಗಿದರು.

"ನಿಜ ಹೇಳಿದ್ರಿ ಅಂತ ಮಾರ್ಕ್ಸ್ ಕೊಡೋ ಹಾಗಿಲ್ಲ ಪ್ರಿನ್ಸಿಪಾಲ್ರೆ" ಎಂದರು ಪ್ರೊಫೆಸರ್. "ಆದ್ರೆ ಒಂದು ಹೇಳ್ತೀನಿ. ಒಂದೇ ಮೈಕ್ರೋಸ್ಕೋಪು ನನಗೆ ಮೂರು ಊರಲ್ಲಿ ಎದುರಾಗಿದೆ. ಕಾಲು ಬೆಸುಗೆ ಹಾಕಿರೋ ಗುರುತು ನೋಡಿ ನಮಸ್ಕಾರ ಮಾಡ್ತೀನಿ ಅದಕ್ಕೆ. ಇಲ್ಲಿ ಇರೋದೆಲ್ಲಾ ನಿಮ್ಮದೇ ಅನ್ನೋದರಲ್ಲಿ ಅನುಮಾನ ಇಲ್ಲ. ಇನ್ನು, ಮಕ್ಕಳಿಗೆ ಏನು ಬರುತ್ತೆ ನೋಡೋಣ."

ಅವರ ಬೆರಳು ನಿಮ್ಮ ಚಿಕ್ಕಮ್ಮನ ಕಡೆಗೇ ತಿರುಗಿತು. ಚೊಕ್ಕ ಮಾಡಿದ ಸ್ಪೆಕ್ಟ್ರೋಮೀಟರಿನ ಸೀಳನ್ನು ಹೊಂದಿಸಲು ಹೇಳಿದರು. ಅವಳು ತಿರುಪು ತಿರುಗಿಸಿದಳು. ಮೊದಲ ಸಲ ಬೆಳಕಿನ ಗೆರೆ ಸರಿಯಾಗಿ ಬರಲಿಲ್ಲ. ಎರಡನೆಯ ಸಲವೂ ಬರಲಿಲ್ಲ. ಬಾಗಿಲ ಬಳಿ ನಿಂತ ನನಗೆ ಅವಳ ಕತ್ತಿನ ಬೆವರು ಕಾಣುತ್ತಿತ್ತು. ಮೇಡಂ ಒಂದು ಹೆಜ್ಜೆ ಮುಂದಿಟ್ಟು, ತಡೆದು ನಿಂತರು. ಮೂರನೆಯ ಸಲ ಅವಳು ಕೈ ತೆಗೆದಾಗ ಪ್ರೊಫೆಸರ್ ಬಗ್ಗಿ ಕಣ್ಣಿಟ್ಟು ನೋಡಿ, ಹೂಂ ಎಂದರು.

"ಈ ಕಲ್ಲು ಯಾರು ಉಜ್ಜಿದ್ದು?"

"ನಾನೇ ಸಾರ್."

"ಎಷ್ಟು ಸವೆದಿದೆ?"

ಪೂಜೆ ದಿನ ರಟ್ಟಿನ ಪೆಟ್ಟಿಗೆಯಿಂದ ಹೊರಗೇ ಬಾರದ್ದರಿಂದ ಒಂದು ಎಲೆಕ್ಟ್ರಾನಿಕ್ ತಕ್ಕಡಿ ಪಾರಾಗಿತ್ತು. ಅದರ ಮೇಲೆ ಅವಳು ಪ್ರತಿ ಕಲ್ಲನ್ನೂ ಚಿಮಟದಲ್ಲಿ ಎತ್ತಿಟ್ಟು ತೂಗಿದ್ದಳು. ಎಲ್ಲವೂ ಕಡಿಮೆ ಬಂದಿದ್ದವು. ಯಾವುದು ಎಷ್ಟು ಕಡಿಮೆ ಎಂದು ಹೇಳುತ್ತ ಹೋದಳು. "ಹೊಳಪು ಬರೋದು ಅಂದ್ರೆ ಮೇಲಿನ ಪದರ ಹೋಗೋದು ಸಾರ್."

"ಮನೇಲಿ ಚೊಂಬು ಉಜ್ಜಿದಾಗ್ಲೂ ಹೋಗುತ್ತಾ?"

"ಹೋಗುತ್ತೆ ಸಾರ್. ನಮ್ಮಮ್ಮ ನಂಬಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ನೆಲ ಬಾಯಿಬಿಡಬಾರದೇ ಎನ್ನಿಸಿತು ನನಗೆ.

ಉತ್ತರ ಬರಲು ಎಷ್ಟೋ ದಿನ ಹಿಡಿಯಿತು. ಬಿ.ಎಸ್ಸಿ.ಗೆ ಒಪ್ಪಿಗೆ ಸಿಕ್ಕಿತು, ಕೆಟ್ಟ ಉಪಕರಣಗಳನ್ನೆಲ್ಲ ಹೊಸದಾಗಿ ತರಬೇಕೆಂಬ ಷರತ್ತಿನ ಮೇಲೆ. ಎಂಜಿನಿಯರಿಂಗ್ ವಿಭಾಗಕ್ಕೆ ಇಲ್ಲ ಎಂದಿದ್ದರು. ಮೊದಲು ಇರುವುದನ್ನು ನೋಡಿಕೊಳ್ಳಲು ಕಲಿಯಿರಿ, ಆಮೇಲೆ ನೋಡೋಣ ಎಂಬ ಅರ್ಥದ ಮಾತು ಅದರಲ್ಲಿತ್ತು. ಪ್ರಿನ್ಸಿಪಾಲರು ಆ ವರ್ಷದ ಕೊನೆಗೆ ನಿವೃತ್ತರಾಗುವವರಿದ್ದರು. ಅವರ ಕಾಲದಲ್ಲಿ ಅದು ಇನ್ನು ಆಗುವುದಿಲ್ಲ ಎಂದು ಎಲ್ಲರಿಗೂ ತಿಳಿಯಿತು. ಅವರು ಶೆಡ್ಡಿಗೆ ಹೋಗಿ ಲೇತ್ ಮಿಷನ್ನಿನ ಮೇಲೆ ಕೈಯಿಟ್ಟು ನಿಂತಿದ್ದನ್ನು ಕಂಡೆ. ನಾನಿಟ್ಟ ಸೊಟ್ಟ ಬೊಟ್ಟು ಇನ್ನೂ ಇತ್ತು. "ಇದಕ್ಕೆ ಮಾತ್ರ ಏನೂ ಆಗ್ಲಿಲ್ಲ ನೋಡಮ್ಮ" ಎಂದರು.

ನಿಮ್ಮ ಚಿಕ್ಕತಾತನಿಗೆ ಸುದ್ದಿ ಹೇಳಿದಾಗ, "ಹಂಗಾದ್ರೆ ಮೂರು ವರ್ಷ ಗಂಡಿನ ಕಡೆಯವರಿಗೆ ಏನ್ ಹೇಳ್ಲಿ?" ಎಂದ. "ಕುಂಕುಮ ಊದ್ತಾ ಇದಾಳೆ ಅಂತ ಹೇಳು" ಎಂದೆ. ನಾನು ಹಾಗೆ ಮಾತಾಡಿದ್ದನ್ನು ಅವನು ಕೇಳಿದ್ದು ಅದೇ ಮೊದಲು.

ಮರುವರ್ಷದ ಆಯುಧಪೂಜೆಗೆ ಮೇಡಂ ಊರಲ್ಲಿ ಉಳಿಯದೆ ಮೊದಲ ಬಸ್ಸಿಗೇ ಬಂದರು. ಎಲ್ಲ ಪೆಟ್ಟಿಗೆಗಳನ್ನೂ ಮುಚ್ಚಿಸಿ, ಮುಚ್ಚಳಗಳಿಗೆ ಪೂಜೆ ಮಾಡಿಸಿದರು. ಕಡೆಗೆ ಆ ಹಳೆಯ ಗ್ರೇಟಿಂಗನ್ನು ತೆಗೆದು ನನ್ನ ಮುಂದೆ ಹಿಡಿದರು. "ಇದಕ್ಕೆ ಇನ್ನೇನೂ ಆಗೋದಿಲ್ಲಮ್ಮ. ಇದಕ್ಕೆ ನೀವಿಡಿ."

ಇಡುವ ಮೊದಲು ಯಾಕೋ ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ನೋಡಿದೆ. ಕುಂಕುಮ ಇದ್ದ ನಡುವಿನಲ್ಲಿ ಕತ್ತಲೆ. ಆದರೆ ಅದರ ಸುತ್ತ, ಅಂಚಿನವರೆಗೂ, ಬಣ್ಣಗಳು ಹಾಗೇ ಇದ್ದವು.

ಹೊಸ ಕುಂಕುಮವನ್ನು ಹಳೆಯದರ ಮೇಲೆಯೇ ಇಟ್ಟೆ, ಆಚೀಚೆ ಹರಡದ ಹಾಗೆ. ಈಗಲೂ ಪ್ರತಿ ವರ್ಷ ಹಾಗೇ ಇಡುತ್ತೇನೆ. ರಜೆಗೆ ಬಂದಾಗ ನಿಮಗೂ ತೋರಿಸಲು ಮೇಡಂ ಒಪ್ಪಿದ್ದಾರೆ. ಕೈ ತೊಳೆದುಕೊಂಡು ಬನ್ನಿ. ಅಂಚು ಮಾತ್ರ ಹಿಡಿಯಬೇಕು.